ದೇಶಪ್ರೇಮವೂ ಒಂದು ಕಡ್ಡಾಯ ವಿಷಯ!

ರಷ್ಯಾದಲ್ಲಿ ಎಂಜಿನಿಯರಿಂಗ್‌ಗೆ ಸೇರಿದರೆ ಮೊದಲ ವರ್ಷ ಗಣಿತ, ಭೌತವಿಜ್ಞಾನದ ಜತೆಗೆ ‘ರಷ್ಯಾ ರಾಜ್ಯವ್ಯವಸ್ಥೆಯ ಮೂಲತತ್ವಗಳು’ ಎಂಬ ವಿಷಯವನ್ನೂ ಓದಬೇಕು. 2023ರ ಸೆಪ್ಟೆಂಬರ್‌ನಿಂದ ಇದು ಕಡ್ಡಾಯ. ಶಾಲಾ ಮಕ್ಕಳಿಗಂತೂ 2022ರಿಂದಲೇ ಪ್ರತಿ ಸೋಮವಾರ ದೇಶಭಕ್ತಿಯ ತರಗತಿ ನಡೆಯುತ್ತಿದೆ.

ಬಿ.ಇ. ಓದುತ್ತಿರುವ ನನಗೆ ಮೊದಲು ‘ಇದರಲ್ಲಿ ತಪ್ಪೇನಿದೆ?’ ಎನಿಸಿತು. ನಾವೂ ಭಾರತದ ಸಂವಿಧಾನವನ್ನು ಓದುತ್ತೇವಲ್ಲ! ಆದರೆ ನಮ್ಮ ಸಂವಿಧಾನ ಪ್ರಶ್ನಿಸುವ ಹಕ್ಕನ್ನೂ ಕಲಿಸುತ್ತದೆ. ರಷ್ಯಾದಲ್ಲಿ ಉತ್ತರ ಮೊದಲೇ ನಿರ್ಧಾರವಾಗಿದೆ.

ರಷ್ಯನ್ನರು, ಉಕ್ರೇನಿಯನ್ನರು ಒಂದೇ ಜನ ಎಂದು ಅಧ್ಯಕ್ಷ ಪುಟಿನ್ 2021ರ ಜುಲೈನಲ್ಲಿ ಲೇಖನ ಬರೆದರು. ಏಳೇ ತಿಂಗಳಲ್ಲಿ ಸೇನೆ ಗಡಿ ದಾಟಿತು. 2023ರಲ್ಲಿ ಬಂದ ಹನ್ನೊಂದನೇ ತರಗತಿಯ ಇತಿಹಾಸ ಪುಸ್ತಕ ಆ ಯುದ್ಧವನ್ನು ಸಮರ್ಥಿಸುತ್ತದೆ. ಅದರ ಲೇಖಕರಲ್ಲೊಬ್ಬರಾದ ಮೆಡಿನ್‌ಸ್ಕಿ, ಪುಟಿನ್ ಅವರ ಸಲಹೆಗಾರ. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೂ ಜೈಲು. ಯಾವುದು ಸುಳ್ಳೆಂದು ಹೇಳುವುದು ಸರ್ಕಾರವೇ. ಸ್ಟಾಲಿನ್ ಕಾಲದ ದೌರ್ಜನ್ಯಗಳನ್ನು ದಾಖಲಿಸುತ್ತಿದ್ದ ‘ಮೆಮೋರಿಯಲ್’ ಸಂಸ್ಥೆಗೆ 2021ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಬೀಗ ಹಾಕಿಸಿತ್ತು. ಹೀಗೆ ನಾಯಕನ ವಾದ ಪಠ್ಯವಾಯಿತು, ಪಠ್ಯಕ್ಕೆ ಕಾನೂನು ಕಾವಲಾಯಿತು.

ಇದು ದೂರದ ಕಥೆಯಲ್ಲ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ನಡೆದ ಶೆಲ್ ದಾಳಿಗೆ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೂ ಬಲಿಯಾದ. ಆತನಿಗೂ ಆ ಇತಿಹಾಸದ ಜಗಳಕ್ಕೂ ಸಂಬಂಧವೇ ಇರಲಿಲ್ಲ.

ದೇಶವನ್ನು ಪ್ರೀತಿಸುವುದು ತಪ್ಪಲ್ಲ. ಆದರೆ ಆ ಪ್ರೀತಿಗೆ ಸರ್ಕಾರವೇ ಅಂಕ ಕೊಡಲು ಕುಳಿತರೆ, ವಿದ್ಯಾರ್ಥಿ ತನಗನಿಸಿದ್ದನ್ನು ಬರೆಯುವುದಿಲ್ಲ, ಪಾಸಾಗುವುದನ್ನು ಬರೆಯುತ್ತಾನೆ. ರಷ್ಯಾದ ನನ್ನ ವಯಸ್ಸಿನವರು ಇಂದು ಬರೆಯುತ್ತಿರುವುದು ಅಂಥದ್ದೇ ಪರೀಕ್ಷೆ.