ಸರ್ಕಾರಿ ಖರ್ಚಿನಲ್ಲಿ ಷೋಕಿ

ಮೊನ್ನೆ ನಿಡಘಟ್ಟದಲ್ಲಿ ಬಸ್ಸಿಗೆ ಕಾಯ್ತಾ ಟೀ ಕುಡೀತಿದ್ದೆ. ಹೋಟೆಲಿನ ಟೀವಿಯಲ್ಲಿ 'ಜೇಡರ ಬಲೆ'. ಸೂಟು ಹಾಕಿದ ಅಣ್ಣಾವ್ರು, ಸಿ.ಐ.ಡಿ. 999! ಟೀ ಆರಿದ್ದೂ ಗೊತ್ತಾಗಲಿಲ್ಲ.

ಕಥೆ ಗೊತ್ತಲ್ಲ, ಲೋಹವನ್ನ ಚಿನ್ನ ಮಾಡೋ ಫಾರ್ಮುಲಾ ಹಿಂದೆ ಖಳರು. ಚಿತ್ರ ಬಂದ 1968ರಲ್ಲೇ ಚಿನ್ನ ನಿಯಂತ್ರಣ ಕಾಯಿದೆಯೂ ಬಂತು. ಒಡವೆ ಇಟ್ಕೋಬಹುದು, ಚಿನ್ನದ ಗಟ್ಟಿ ಇಟ್ಕೊಂಡ್ರೆ ಅಪರಾಧ. 1990ರಲ್ಲಿ ಆ ಕಾಯಿದೆ ಹೋಯ್ತು. ಆಗಿನ ಸಿನಿಮಾಗಳಲ್ಲಿ ಕ್ಲಬ್ಬು, ದೊಡ್ಡ ಕಾರು ಅಂದ್ರೆ ಖಳನ ಆಸ್ತಿ. ನಮ್ಮ ಪತ್ತೇದಾರ ಅಲ್ಲಿಗೆ ಹೋಗೋದು 'ಡ್ಯೂಟಿ' ಮೇಲೆ. ಹಾಗಾಗಿ ಅವನಿಗೂ ಪಾಪ ಇಲ್ಲ, ಟೆಂಟಿನಲ್ಲಿ ಬಾಯಿಬಿಟ್ಟು ನೋಡಿದವರಿಗೂ ಇಲ್ಲ!

ಜೇಮ್ಸ್ ಬಾಂಡ್ ಹಾಗಲ್ಲ. ಇಯಾನ್ ಫ್ಲೆಮಿಂಗ್ ಅವನ ವಾಚು, ಕಾರು, ಸಿಗರೇಟಿಗೂ ಬ್ರಾಂಡ್ ಹೆಸರು ಕೊಟ್ಟಿದ್ದಾನೆ. ಅವನೂ ಸರ್ಕಾರಿ ನೌಕರನೇ, ಆದ್ರೆ ಸುಖಪಡೋಕೆ ನೆಪ ಹುಡುಕಲ್ಲ.

ನನಗಂತೂ 999ನೇ ಹೆಚ್ಚು ಕಳ್ಳ ಅನ್ಸುತ್ತೆ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ವಜ್ರದ ಕಳ್ಳರನ್ನ ಹಿಡಿಯೋಕೆ ಬಂದವನು ಇಂಗ್ಲಿಷ್ ಹಾಡೇ ಹಾಡಿಬಿಟ್ಟ. ಅದ್ಯಾವ ಡ್ಯೂಟಿನೋ! ಅಭಿಮಾನಿಗಳು ಬೈಬೇಡಿ, ಆ ಹಾಡು ನನ್ನ ಮೊಬೈಲಲ್ಲೂ ಇದೆ :-)