ಹತ್ತು ನಿಮಿಷದ ಸಾಲಕ್ಕೆ ಅಂಗಡಿಯ ಪೂರಾ ಜಾತಕ

ದಾವಣಗೆರೆಯ ಬಜಾರಿಗೆ ಸಾಲ ಹೊಸದಲ್ಲ. ಬಜಾರು ನಿಂತಿರುವುದೇ ಉದ್ದರಿಯ ಮೇಲೆ. ದಲಾಲಿ ಅಂಗಡಿಯವ ರೈತನಿಗೆ ಮುಂಗಡ ಕೊಡುತ್ತಾನೆ, ಮಂಡಿಪೇಟೆಯ ಸಗಟು ವ್ಯಾಪಾರಿ ಚಿಲ್ಲರೆಯವನಿಗೆ ವಾಯಿದೆ ಕೊಡುತ್ತಾನೆ, ಚಿಲ್ಲರೆಯವ ಗಿರಾಕಿಯ ಹೆಸರಲ್ಲಿ ತಿಂಗಳ ಖಾತೆ ಬರೆಯುತ್ತಾನೆ. ಕೈಗಡ ಕೊಡುವ ಸಾವುಕಾರನಿಗೆ ಗೊತ್ತಿರಬೇಕಾದದ್ದು ಮೂರೇ ಸಂಗತಿ: ಇವನು ಯಾರ ಮಗ, ಅಂಗಡಿ ಬಾಗಿಲು ಎಷ್ಟು ಹೊತ್ತಿಗೆ ತೆಗೀತಾನೆ, ಕೊಟ್ಟ ಮಾತಿಗೆ ನಡೀತಾನೋ ಇಲ್ಲವೋ. ಅದಕ್ಕಿಂತ ಒಂಚೂರು ಹೆಚ್ಚು ಗೊತ್ತಿದ್ದವನು ಪಿಗ್ಮಿ ಕಲೆಕ್ಟರ್. ಇವತ್ತು ಐನೂರು ಕಟ್ಟಿದ, ನಿನ್ನೆ ಐವತ್ತೇ ಕಟ್ಟಿದ, ವ್ಯಾಪಾರ ಡಲ್ಲು ಅಂತ ಅವನಿಗೆ ತಿಳಿಯುತ್ತಿತ್ತು. ಆದರೆ ಅವನೂ ಅಂಗಡಿಯವನ ಮದುವೆ ಆಲ್ಬಂ ತೆರೆದು ನೋಡಿದವನಲ್ಲ, ಹೆಂಡತಿಯ ತವರಿನವರ ನಂಬರು ಬರೆದುಕೊಂಡು ಹೋದವನೂ ಅಲ್ಲ.

ಈಗ ಬಂದಿರುವ ಸಾವುಕಾರ ಬೇರೆ. ಅವನು ಕೂತಿರುವುದು ಮೊಬೈಲಿನಲ್ಲಿ. ಹರಿಹರದ ಬಸ್ಸಿನಲ್ಲಿ ನೇತಾಡಿಕೊಂಡು ಬರುವವನ ಜೇಬಲ್ಲೂ ಟಣ್ ಅನ್ನುತ್ತಾನೆ: ‘ನಿಮ್ಮ ವ್ಯಾಪಾರಕ್ಕೆ ಮೂರು ಲಕ್ಷ ಸಾಲ ತಯಾರಾಗಿದೆ, ಹತ್ತು ನಿಮಿಷ ಸಾಕು.’ ಅರ್ಜಿಯೇ ಹಾಕದವನಿಗೆ ಸಾಲ ತಯಾರಾದದ್ದು ಹೇಗೆ? ಇವನಿಗೆ ವ್ಯಾಪಾರ ಇದೆ ಅಂತ ಅವರಿಗೆ ಹೇಳಿದವರು ಯಾರು? ಅಲ್ಲಿಂದಲೇ ಕಥೆ ಶುರು.

ಆನ್‌ಲೈನ್ ಕಂಪನಿ ಜಾಮೀನು ಕೇಳುವುದಿಲ್ಲ, ಪತ್ರ ಅಡ ಇಟ್ಟುಕೊಳ್ಳುವುದಿಲ್ಲ ಎಂಬುದು ಅದರ ದೊಡ್ಡ ಹೆಚ್ಚುಗಾರಿಕೆ. ನಿಜ. ಅದು ಅಡ ಇಟ್ಟುಕೊಳ್ಳುವುದು ಮಾಹಿತಿಯನ್ನು. ಪ್ಯಾನ್ ನಂಬರು, ಆಧಾರ್, ಮುಖದ ಫೋಟೊ, ಅಂಗಡಿ ಇರುವ ಜಾಗ, ಆರು ತಿಂಗಳದ್ದೋ ವರ್ಷದ್ದೋ ಬ್ಯಾಂಕ್ ಸ್ಟೇಟ್‌ಮೆಂಟು, ಜಿಎಸ್‌ಟಿ ರಿಟರ್ನು. ಕೌಂಟರಿನ ಮೇಲೆ ‘ಹಣ ಬಂದಿದೆ’ ಎಂದು ಕೂಗುವ ಪೆಟ್ಟಿಗೆಯವರೇ ಸಾಲ ಕೊಡಿಸುವುದಾದರೆ ಇಷ್ಟನ್ನೂ ಕೇಳಬೇಕಿಲ್ಲ, ಗಲ್ಲಾದ ಲೆಕ್ಕ ಮೊದಲೇ ಅವರ ಕೈಲಿದೆ.

ಕ್ಯೂಆರ್ ಚೀಟಿ ಮಾತಾಡುತ್ತದೆ ಎಂಬುದು ವ್ಯಾಪಾರಿಗಳಿಗೆ ಮನದಟ್ಟಾದದ್ದು 2025ರ ಜುಲೈನಲ್ಲಿ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಬೀಡಾ ಅಂಗಡಿ, ಹಾಲಿನ ಬೂತಿನವರಿಗೆಲ್ಲ ನೋಟಿಸು ಕಳಿಸಿತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿದ್ದೀರಿ, ಕಟ್ಟಿ ಅಂತ. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ಬಿತ್ತು. ಬಂದ್‌ ಮಾತೂ ಎದ್ದಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಸಮಾಧಾನ ಮಾಡಿದ ಮೇಲೆ ಗದ್ದಲ ತಣ್ಣಗಾಯಿತು. ಸರಕಾರ ನೋಡಿತು ಅಂದಾಗ ಬೀದಿಗೆ ಇಳಿದವರು ಅದೇ ಲೆಕ್ಕವನ್ನು ಸಾಲದ ಕಂಪನಿ ದಿನಾ ನೋಡುತ್ತಿದೆ ಅಂದರೆ ‘ಅದಕ್ಕೇನಂತೆ, ದುಡ್ಡು ಕೊಡ್ತಾರಲ್ಲ’ ಅನ್ನುತ್ತಾರೆ. ಸರಕಾರಕ್ಕಾದರೆ ಒಂದು ಮೇಲ್ಮನವಿ, ಒಂದು ಅಧಿಕಾರಿ, ಒಂದು ಕಚೇರಿ ಉಂಟು. ಕಂಪನಿಯದ್ದು ಯಾವ ಊರು?

ಬ್ಯಾಂಕ್ ಸ್ಟೇಟ್‌ಮೆಂಟು ಅಂದರೆ ಬರೀ ಅಂಕಿ ಅಂದುಕೊಂಡವರು ಒಮ್ಮೆ ಬಿಡಿಸಿ ನೋಡಬೇಕು. ಯಾವ ಆಸ್ಪತ್ರೆಗೆ ಎಷ್ಟು ಕಟ್ಟಿದ, ಮಗಳ ಕಾಲೇಜು ಯಾವುದು, ಯಾವ ಮಠಕ್ಕೆ ಕಾಣಿಕೆ, ಯಾವ ಪಾರ್ಟಿಗೆ ಚಂದಾ, ವಾರಕ್ಕೆ ಎಷ್ಟು ಸಲ ಬಾರಿಗೆ ಹೋದ... ಎಲ್ಲವೂ ತಾರೀಖಿನ ಸಮೇತ ಸಾಲಾಗಿ ಕೂತಿರುತ್ತವೆ. ಜಿಎಸ್‌ಟಿ ಲೆಕ್ಕದಲ್ಲಾದರೆ ಮಾಲು ಯಾರಿಂದ ತಂದ, ಎಷ್ಟಕ್ಕೆ ತಂದ ಎಂಬುದು ಬಯಲು. ಎದುರು ಅಂಗಡಿಯವನಿಗೆ ಸತ್ತರೂ ಹೇಳದ ಗುಟ್ಟು ಅದು. ಸಾಲ ಕೊಡುವ ಗುಂಪಿನದ್ದೇ ಇನ್ನೊಂದು ಕಂಪನಿ ಕಿರಾಣಿ ಮಾಲು ಸಗಟು ಮಾರುತ್ತಿದ್ದರೆ? ‘ನಮ್ಮ ಸಹಸಂಸ್ಥೆಗಳ ಜೊತೆ ಮಾಹಿತಿ ಹಂಚಿಕೊಳ್ಳಬಹುದು’ ಎಂಬ ಸಾಲು ಕರಾರಿನ ಯಾವುದೋ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಇದ್ದರೆ ಮುಗಿಯಿತು. ಅದನ್ನು ಓದಿದ ವ್ಯಾಪಾರಿ ಚೌಕಿಪೇಟೆಯಿಂದ ಗಡಿಯಾರ ಕಂಬದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ.

ಇನ್ನೊಂದು ತೊಡಕು. ಫೋನಿನಲ್ಲಿ ಕಾಣುವ ಹೆಸರೇ ಸಾಲ ಕೊಡುವವನ ಹೆಸರಲ್ಲ. ಮುಂದೆ ಬೋರ್ಡು ಹಾಕಿಕೊಂಡವ ದಲ್ಲಾಳಿ. ದುಡ್ಡು ಹಾಕುವುದು ಹಿಂದೆ ಇರುವ ಬ್ಯಾಂಕು ಅಥವಾ ರಿಜರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಹಣಕಾಸು ಕಂಪನಿ. ನಡುವೆ ಆಧಾರ್ ತಾಳೆ ನೋಡುವವ ಒಬ್ಬ, ಸಿಬಿಲ್ ನೋಡುವವ ಇನ್ನೊಬ್ಬ, ಮೆಸೇಜು ಕಳಿಸುವವ ಮತ್ತೊಬ್ಬ, ಕಂತು ತಪ್ಪಿದರೆ ಫೋನು ಮಾಡುವವ ಮಗದೊಬ್ಬ. ಒಂದು ಅರ್ಜಿ ಇಷ್ಟು ಕೈ ದಾಟುತ್ತದೆ. ಯಾವ ಕೈಲಿ ಸೋರಿತು ಅಂತ ಹೇಳುವವರಾರು?

ರಿಜರ್ವ್ ಬ್ಯಾಂಕ್ ಕಣ್ಣು ಮುಚ್ಚಿ ಕೂತಿಲ್ಲ, ಅದನ್ನೂ ಹೇಳಬೇಕು. 2020ರ ಕೊನೆಗೆ ತೆಲಂಗಾಣದಲ್ಲಿ ಆ್ಯಪ್ ಸಾಲದವರ ಕಾಟಕ್ಕೆ ಜೀವಗಳು ಹೋದವು. ಹೈದರಾಬಾದ್ ಪೊಲೀಸರು ಅಲ್ಲಿನ ಮತ್ತು ಗುರುಗ್ರಾಮದ ಕಾಲ್ ಸೆಂಟರುಗಳಿಗೆ ನುಗ್ಗಿದರು. ಸಾಲಗಾರನ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಎತ್ತಿಕೊಂಡು, ಅವನ ಬೀಗರಿಗೆ, ಹೆಡ್‌ಮಾಸ್ತರರಿಗೆ, ಗಿರಾಕಿಗಳಿಗೆ ‘ಇವನು ಕಳ್ಳ’ ಅಂತ ಮೆಸೇಜು ಹಾಕುವುದು, ಫೋಟೊ ಕೆಡಿಸಿ ಕಳಿಸುವುದು ಇವರ ಕಸುಬು. 2021ರ ಜನವರಿಯಲ್ಲಿ ರಿಜರ್ವ್ ಬ್ಯಾಂಕ್ ಒಂದು ತಂಡ ನೇಮಿಸಿತು. ಆ ತಂಡ ನೋಡಿದಾಗ ಸುಮಾರು 1,100 ಸಾಲದ ಆ್ಯಪುಗಳ ಪೈಕಿ 600 ಕಾನೂನುಬಾಹಿರ! ಬೆಂಗಳೂರಿನ ಸೈಬರ್ ಠಾಣೆಯಲ್ಲೇ ದಾಖಲಾದ 18 ಎಫ್‌ಐಆರ್ ಹಿಡಿದು 2022ರ ಸೆಪ್ಟೆಂಬರಿನಲ್ಲಿ ಜಾರಿ ನಿರ್ದೇಶನಾಲಯ ನಗರದ ಆರು ಕಡೆ ಶೋಧ ಮಾಡಿ 17 ಕೋಟಿ ರೂಪಾಯಿ ಮುಟ್ಟುಗೋಲು ಹಾಕಿಕೊಂಡಿತು.

ಅದೇ ಸೆಪ್ಟೆಂಬರಿನಲ್ಲಿ ರಿಜರ್ವ್ ಬ್ಯಾಂಕಿನ ಕಟ್ಟಳೆಯೂ ಬಂತು. 2025ರ ಮೇನಲ್ಲಿ ಅದನ್ನೇ ತಿದ್ದಿ ಬೆಳೆಸಿ ಹೊಸದಾಗಿ ಹೊರಡಿಸಿದರು. ಅದರ ಪ್ರಕಾರ ಸಾಲದ ಆ್ಯಪು ಫೋನಿನ ಫೈಲು, ಫೋಟೊ, ನಂಬರುಗಳ ಪಟ್ಟಿ, ಕರೆಗಳ ಪಟ್ಟಿ ಮುಟ್ಟುವಂತಿಲ್ಲ. ಕ್ಯಾಮರಾ, ಮೈಕು, ಜಾಗದ ಗುರುತು ಇವು ಗಿರಾಕಿಯ ಗುರುತು ಹಿಡಿಯಲಿಕ್ಕೆ ಒಂದೇ ಸಲ, ಅದೂ ಕೇಳಿಯೇ. ಮುಂದೆ ನಿಂತ ದಲ್ಲಾಳಿ ಹೆಸರು, ವಿಳಾಸ, ಫೋನ್ ನಂಬರಿನಂಥ ಅಷ್ಟಿಷ್ಟು ಬಿಟ್ಟು ಬೇರೇನೂ ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಾಹಿತಿ ಭಾರತದೊಳಗಿನ ಸರ್ವರಿನಲ್ಲೇ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಗಿರಾಕಿ ವಾಪಸು ತೆಗೆದುಕೊಳ್ಳಬಹುದು, ಅಳಿಸಿ ಎಂದು ಕೇಳಬಹುದು. ಏನೇ ಹೆಚ್ಚುಕಮ್ಮಿ ಆದರೂ ಹಿಂದೆ ಇರುವ ಬ್ಯಾಂಕು ಅಥವಾ ಹಣಕಾಸು ಕಂಪನಿಯೇ ಹೊಣೆ. ‘ಅದು ನಮ್ಮ ಏಜೆಂಟು ಮಾಡಿದ್ದು ಸಾರ್’ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಓದಲಿಕ್ಕೆ ಚಂದ. ಆದರೆ ಆ ಮುಟ್ಟಬಾರದ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಫೈಲು ಇದೆ, ನಂಬರುಪಟ್ಟಿ ಇದೆ, ಕರೆಪಟ್ಟಿ ಇದೆ. ಎಸ್ಸೆಮ್ಮೆಸ್ ಎಂಬ ಹೆಸರಿಲ್ಲ. ಕೊನೆಗೊಂದು ‘ಇತ್ಯಾದಿ’ ಇದೆ. ಆ ಇತ್ಯಾದಿಯೊಳಗೆ ಎಸ್ಸೆಮ್ಮೆಸ್ ಸೇರಿತೋ ಬಿಟ್ಟಿತೋ ಎಂಬುದರ ಮೇಲೆ ದೊಡ್ಡ ವ್ಯವಹಾರವೇ ನಿಂತಿದೆ. ಬ್ಯಾಂಕಿನಿಂದ ಬರುವ ಜಮಾ-ಖರ್ಚಿನ ಮೆಸೇಜು, ಕರೆಂಟು ಬಿಲ್ಲು, ಬೇರೆ ಸಾಲದವನ ತಗಾದೆ ಎಲ್ಲ ಬರುವುದು ಅಲ್ಲಿಗೇ ತಾನೆ? 2023ರ ಮೇ 31ರಿಂದ ಗೂಗಲ್‌ನವರೂ ತಮ್ಮ ಅಂಗಡಿಯಲ್ಲಿರುವ ವೈಯಕ್ತಿಕ ಸಾಲದ ಆ್ಯಪುಗಳಿಗೆ ಫೋಟೊ, ನಂಬರುಪಟ್ಟಿ ಮುಟ್ಟಬೇಡಿ ಎಂದರು. ಅದರ ಹೊರಗೆ, ವಾಟ್ಸ್‌ಆ್ಯಪಿನಲ್ಲಿ ಬಂದ ಲಿಂಕು ಒತ್ತಿ ಇಳಿಸಿಕೊಂಡ ಆ್ಯಪಿಗೆ ಗೂಗಲ್ಲೂ ಇಲ್ಲ, ರಿಜರ್ವ್ ಬ್ಯಾಂಕೂ ಇಲ್ಲ.

ಕಳ್ಳ ಆ್ಯಪಿನವರದು ಪೊಲೀಸರ ಪಾಲಿನ ಕೆಲಸ. ವ್ಯಾಪಾರಿ ಹೆಚ್ಚು ಯೋಚಿಸಬೇಕಾದದ್ದು ಕಾನೂನುಬದ್ಧ ಕಂಪನಿಯ ಬಗ್ಗೆ. ಯಾಕೆಂದರೆ ಅದು ಕದಿಯುವುದಿಲ್ಲ, ಕೇಳಿಯೇ ತೆಗೆದುಕೊಳ್ಳುತ್ತದೆ. ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿಸಿಕೊಳ್ಳುತ್ತದೆ. ಒತ್ತದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ. ಗಣಪತಿ ಹಬ್ಬದ ಮಾಲಿಗೆ ದುಡ್ಡು ಬೇಕಾದವ, ಸೋಮವಾರ ಚೆಕ್ಕು ಪಾಸಾಗಬೇಕಾದವ ಒತ್ತದೆ ಏನು ಮಾಡುತ್ತಾನೆ?

ಈ ಒಪ್ಪಿಗೆ ಎಂಬ ಮಾತಿಗೆ ಬೆಲೆ ತಂದುಕೊಟ್ಟವರಲ್ಲಿ ಮೊದಲಿಗರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿಚಾರಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಅದಾಗಿ ಆರು ವರ್ಷಕ್ಕೆ, 2023ರ ಆಗಸ್ಟಿನಲ್ಲಿ, ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಬಂತು. ಮಾಹಿತಿ ಜೋಪಾನ ಮಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಕಾಯಿದೆ ಇದು.

ಕಾಯಿದೆಯೊಳಗೇ ಒಂದು ಸೊಗಸಾದ ಉದಾಹರಣೆ ಇದೆ. ಫೋನಿನಲ್ಲೇ ಡಾಕ್ಟರನ್ನು ಕಾಣುವ ಆ್ಯಪೊಂದು ಚಿಕಿತ್ಸೆಗೆ ಒಪ್ಪಿಗೆ ಕೇಳುತ್ತಾ ನಂಬರುಪಟ್ಟಿಗೂ ಒಪ್ಪಿಗೆ ಕೇಳಿತು. ರೋಗಿ ಎರಡಕ್ಕೂ ಹೂಂ ಅಂದಳು. ಚಿಕಿತ್ಸೆಗೆ ನಂಬರುಪಟ್ಟಿ ಬೇಕಿಲ್ಲವಾದ್ದರಿಂದ ಆ ಹೂಂ ಲೆಕ್ಕಕ್ಕಿಲ್ಲ. ಸಾಲಕ್ಕೂ ಇದೇ ತರ್ಕ ಹೊಂದಬೇಕು. ಅಂಗಡಿಯವನ ಫೋನಿನಲ್ಲಿರುವ ನಂಬರುಗಳು ಅವನೊಬ್ಬನವಲ್ಲ. ಅದರಲ್ಲಿ ಹಾಲಿನವನಿದ್ದಾನೆ, ಉದ್ದರಿ ಗಿರಾಕಿ ಇದ್ದಾನೆ, ಮಗಳ ಗೆಳತಿ ಇದ್ದಾಳೆ. ಅವರೆಲ್ಲ ಯಾವಾಗ ಸಹಿ ಹಾಕಿದರು? ‘ಪರಿಚಯಸ್ಥರ ಎರಡು ನಂಬರು ಕೊಡಿ’ ಎಂದಾಗ ಪಕ್ಕದಂಗಡಿಯವನ ನಂಬರು ಬರೆದುಕೊಟ್ಟರೆ, ಅವನು ಜಾಮೀನುದಾರನಲ್ಲದಿದ್ದರೂ ತಗಾದೆಯ ಫೋನು ಮೊದಲು ಹೋಗುವುದು ಅವನಿಗೆ.

ಕಾಯಿದೆಯಲ್ಲಿ ತೂತುಗಳೂ ಇವೆ. ಇದು ಕಾಯುವುದು ವ್ಯಕ್ತಿಯ ಮಾಹಿತಿಯನ್ನು. ಒಬ್ಬನೇ ಮಾಲೀಕನಾಗಿದ್ದರೆ ವ್ಯಾಪಾರವೂ ಅವನೇ, ವ್ಯಕ್ತಿಯೂ ಅವನೇ. ಅಣ್ಣತಮ್ಮಂದಿರು ಪಾಲುದಾರಿಕೆ ಫರ್ಮು ಮಾಡಿಕೊಂಡಿದ್ದರೆ ಫರ್ಮಿನ ವಹಿವಾಟಿನ ಲೆಕ್ಕಕ್ಕೆ ಈ ಕೊಡೆ ಹಿಡಿಯುವುದಿಲ್ಲ. ಸಾಲ ಬಾಕಿ ಉಳಿಸಿಕೊಂಡವನ ಆಸ್ತಿಪಾಸ್ತಿ ಪತ್ತೆ ಮಾಡುವ ಕೆಲಸಕ್ಕೂ ವಿನಾಯಿತಿ ಉಂಟು. ಇನ್ನು ಸಾಲ ತೀರಿಸಿ ಆ್ಯಪು ಅಳಿಸಿದರೆ ಎಲ್ಲ ಅಳಿಯಿತು ಎಂದುಕೊಳ್ಳುವವರು ತಿಳಿಯಬೇಕಾದದ್ದು: ಅಕ್ರಮ ಹಣ ತಡೆ ಕಾಯಿದೆಯಂತೆ ಗುರುತಿನ ದಾಖಲೆಗಳನ್ನು ವ್ಯವಹಾರ ಮುಗಿದ ಮೇಲೂ ಐದು ವರ್ಷ ಇಟ್ಟುಕೊಳ್ಳಲೇಬೇಕು. ಅದು ಕಂಪನಿಯ ತಪ್ಪಲ್ಲ. ಸಾಲವೇ ಸಿಗದೆ ಅರ್ಜಿ ತಿರಸ್ಕಾರವಾದವನ ಸ್ಟೇಟ್‌ಮೆಂಟನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂಬುದು ಮಾತ್ರ ಕೇಳಬೇಕಾದ ಪ್ರಶ್ನೆ. ಕೇಳಿದವರು ಕಮ್ಮಿ.

ರಾಜ್ಯ ಸರಕಾರವೂ 2025ರ ಫೆಬ್ರವರಿಯಲ್ಲಿ ಕಿರುಸಾಲದ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿ ಆಮೇಲೆ ಸಹಿ ಹಾಕಿದರು. ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಬಾಗಿಲ ಮುಂದೆ ನಿಂತು ಬಾಯಿ ಮಾಡುವ ವಸೂಲಿಯವನಿಗೆ ಇದು ಸರಿ. ಆದರೆ ಫೋನಿನೊಳಗಿನ ಬಾಗಿಲು ಸಾಲ ಕೇಳಿದ ದಿನವೇ ತೆರೆದಾಗಿರುತ್ತದೆ.

ಹಾಗಾದರೆ ವ್ಯಾಪಾರಿ ಮಾಡಬೇಕಾದದ್ದೇನು? ಆ್ಯಪಿನ ಹಿಂದೆ ಇರುವ ಬ್ಯಾಂಕು ಯಾವುದು ಎಂದು ಮೊದಲು ಕೇಳಬೇಕು. 2025ರ ಜುಲೈ 1ರಿಂದ ರಿಜರ್ವ್ ಬ್ಯಾಂಕಿನ ಜಾಲತಾಣದಲ್ಲಿ ಆ್ಯಪುಗಳ ಪಟ್ಟಿ ಇದೆ. ಆದರೆ ಕಂಪನಿಗಳು ತುಂಬಿಕೊಟ್ಟದ್ದನ್ನೇ ಅಲ್ಲಿ ಹಾಕುತ್ತಾರೆ, ರಿಜರ್ವ್ ಬ್ಯಾಂಕ್ ಖುದ್ದು ತಾಳೆ ನೋಡಿ ಸರ್ಟಿಫಿಕೇಟು ಕೊಟ್ಟದ್ದಲ್ಲ. ಸ್ಟೇಟ್‌ಮೆಂಟಿನ ಫೈಲು ಕಳಿಸುವುದಕ್ಕಿಂತ ‘ಅಕೌಂಟ್ ಅಗ್ರಿಗೇಟರ್’ ದಾರಿ ವಾಸಿ. ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ ಎಂದು ಅಲ್ಲಿ ನಮೂದಾಗುತ್ತದೆ, ಬೇಡವೆನಿಸಿದಾಗ ನಿಲ್ಲಿಸಬಹುದು. ಸಿಬಿಲ್‌ ಮೊದಲಾದ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಯಾರಾದರೂ ಆ ವರದಿ ತೆಗೆಸಿದರೆ ಗಿರಾಕಿಯ ಫೋನಿಗೆ ಮೆಸೇಜು ಬರಬೇಕೆಂಬುದು 2024ರ ಏಪ್ರಿಲ್‌ನಿಂದ ಇರುವ ನಿಯಮ. ಅರ್ಜಿ ಹಾಕದೆ ಅಂಥ ಮೆಸೇಜು ಬಂದರೆ ಸುಮ್ಮನಿರಬಾರದು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ತಗಾದೆಯ ಫೋನು ಮಾಡುವ ಹಾಗಿಲ್ಲ. ಕಂಪನಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. ವಿಚಾರಿಸುವ ನಂಬರು 14448. ಫೋಟೊ ಕೆಡಿಸಿ ಬೆದರಿಸಿದರೆ ಓಂಬುಡ್ಸ್‌ಮನ್ ಅಲ್ಲ, ನೇರ 1930.

ಹೊಸ ಕಾಯಿದೆಯಲ್ಲಿ ಇನ್ನೊಂದು ಸಾಲುಂಟು, ಹೆಚ್ಚು ಜನ ಗಮನಿಸಿದ ಹಾಗಿಲ್ಲ. ಮಾಹಿತಿ ಯಾಕೆ ಬೇಕು ಎಂಬ ತಿಳಿವಳಿಕೆ ಪತ್ರವನ್ನು ಗಿರಾಕಿ ಕೇಳಿದರೆ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದಲು ಕೊಡಬೇಕು. ಅದರಲ್ಲಿ ಕನ್ನಡವೂ ಸೇರಿದೆ. ಕಾಯಿದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಕಂಪನಿಗಳಿಗೆ ಸಜ್ಜಾಗಲು ಕೊಟ್ಟ ಕಾಲ 18 ತಿಂಗಳು. ಅಂದರೆ 2027ರ ಮೇವರೆಗೆ ಕನ್ನಡದಲ್ಲಿ ಕೊಡಿ ಎಂದು ಕೌಂಟರಿನವನು ಕೇಳಿದರೆ, ಕೊಟ್ಟರೂ ಕೊಟ್ಟರು, ಬಿಟ್ಟರೂ ಬಿಟ್ಟರು.