ಹೃದಯತಜ್ಞರಾಗಲು ಎಷ್ಟು ವರ್ಷ ಓದಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ‘ನಮ್ಮ ಮಗಳನ್ನು ಹಾರ್ಟ್ ಸ್ಪೆಷಲಿಸ್ಟ್ ಮಾಡಬೇಕು’ ಎನ್ನುವ ಪೋಷಕರಿದ್ದಾರೆ. ಆಸೆ ಒಳ್ಳೆಯದೇ. ಆದರೆ ದಾರಿ ಎಷ್ಟು ಉದ್ದ ಎಂಬುದು ಮನೆಯವರಿಗೆಲ್ಲ ಮೊದಲೇ ತಿಳಿದಿರಬೇಕು.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ನೀಟ್ ಮೂಲಕ ಸೀಟು ಸಿಕ್ಕರೆ ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷದ ಹೌಸ್ ಸರ್ಜನ್ಸಿ. ಅನಂತರ ನೀಟ್-ಪಿಜಿ ಬರೆದು ಜನರಲ್ ಮೆಡಿಸಿನ್ ಅಥವಾ ಮಕ್ಕಳ ವೈದ್ಯಶಾಸ್ತ್ರದಲ್ಲಿ 3 ವರ್ಷದ ಎಂ.ಡಿ. ಮಾಡಬೇಕು. ಅದಾದ ಬಳಿಕ ಇನ್ನೊಂದು ಪ್ರವೇಶ ಪರೀಕ್ಷೆ, ನೀಟ್-ಎಸ್‌ಎಸ್. ಅದರಲ್ಲಿ ಗೆದ್ದವರಿಗೆ 3 ವರ್ಷದ ಡಿ.ಎಂ. ಕಾರ್ಡಿಯಾಲಜಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಕೋರ್ಸ್ ಇದೆ. ಎಲ್ಲವೂ ಮೊದಲ ಯತ್ನದಲ್ಲೇ ಆದರೂ ಪಿಯುಸಿ ನಂತರ ಹನ್ನೊಂದೂವರೆ ವರ್ಷ; ಅಷ್ಟರಲ್ಲಿ ವಯಸ್ಸು ಮೂವತ್ತರ ಹತ್ತಿರ.

ಹಲವರಿಗೆ ಇನ್ನೊಂದು ಗೊಂದಲವಿದೆ. ಎದೆ ತೆರೆದು ಬೈಪಾಸ್ ಮಾಡುವವರು ಹೃದಯ ಶಸ್ತ್ರಚಿಕಿತ್ಸಕರು. ಅವರ ದಾರಿಯೇ ಬೇರೆ: ಎಂ.ಎಸ್., ಬಳಿಕ ಎಂ.ಸಿಎಚ್. ಕಾರ್ಡಿಯಾಲಜಿಸ್ಟ್ ಇಸಿಜಿ, ಎಕೋ ನೋಡಿ ರೋಗ ಗುರುತಿಸಿ ಔಷಧಿ ಕೊಡುವ ವೈದ್ಯ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಂಬ ವೈದ್ಯರು ಕಟ್ಟಿಕೊಂಡ ರಕ್ತನಾಳವನ್ನು ಪುಟ್ಟ ಬಲೂನಿನಿಂದ ಅಗಲಿಸಿ ತೋರಿಸಿದ ಮೇಲೆ ಆಂಜಿಯೋಪ್ಲಾಸ್ಟಿಯೂ ಕಾರ್ಡಿಯಾಲಜಿಸ್ಟರ ಕೈಗೆ ಬಂತು. ಹೀಗಾಗಿ ಓದಿನ ಜೊತೆಗೆ ಕೈಚಳಕವೂ ಬೇಕು. ಕ್ಷಕಿರಣದಿಂದ ರಕ್ಷಣೆಗೆ ಭಾರದ ಸೀಸದ ಏಪ್ರನ್ ತೊಟ್ಟು ಗಂಟೆಗಟ್ಟಲೆ ನಿಲ್ಲಬೇಕು. ಹೃದಯಾಘಾತ ಹೊತ್ತು ನೋಡಿ ಬರುವುದಿಲ್ಲ. ನಡುರಾತ್ರಿ ಕರೆ ಬಂದರೂ ಓಡಬೇಕು.

ಖರ್ಚಿನ ಮಾತೂ ಇದೆ. ಸರ್ಕಾರಿ ಸೀಟಿಗೂ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ಅಜಗಜಾಂತರ. ಎಂ.ಡಿ., ಡಿ.ಎಂ. ಓದುವಾಗ ಸ್ಟೈಪೆಂಡ್ ಸಿಗುತ್ತದೆ. ಆದರೆ ಆ ವಯಸ್ಸಿಗೆ ಜೊತೆಯಲ್ಲಿ ಓದಿದವರು ಕೆಲಸ ಹಿಡಿದು ಮನೆ ನಡೆಸುತ್ತಿರುತ್ತಾರೆ. ಈ ವ್ಯತ್ಯಾಸವನ್ನು ತಾಳುವ ಸಹನೆ ಮಕ್ಕಳಿಗಿಂತ ಹೆಚ್ಚಾಗಿ ಮನೆಯವರಿಗೆ ಬೇಕು.

ನೀಟ್‌ನಲ್ಲಿ ಸೀಟು ಸಿಗಲಿಲ್ಲವೆಂದು ಹೃದಯದ ನಂಟು ಕಡಿಯಬೇಕಿಲ್ಲ. ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಓದಿದವರಿಗೆ ಎಕೋ ವಿಭಾಗದಲ್ಲಿ, ಕ್ಯಾತ್ ಲ್ಯಾಬ್‌ನಲ್ಲಿ ಕೆಲಸವಿದೆ.

ವಿದ್ಯಾರ್ಥಿಗಳೇ, ಹದಿನೇಳರ ವಯಸ್ಸಿನಲ್ಲಿ ‘ವೈದ್ಯನಾಗುತ್ತೇನೆಯೇ’ ಎಂಬುದನ್ನಷ್ಟೇ ನಿರ್ಧರಿಸಿ. ಯಾವ ವಿಭಾಗ ಎಂಬುದನ್ನು ವಾರ್ಡಿನಲ್ಲಿ ರೋಗಿಗಳನ್ನು ಕಂಡ ಮೇಲೆ ಆರಿಸಿಕೊಳ್ಳಬಹುದು. ಪೋಷಕರೇ, ಅಲ್ಲಿಯವರೆಗೆ ಬೋರ್ಡು ಬರೆಸುವ ಅವಸರ ಬೇಡ.